ಪದಕ ಪಡೆದ ಹಳೆಯ ಚಿತ್ರಪುಸ್ತಕಗಳು: ನಮ್ಮೂರಿನ ಅರಿವು ಕೇಂದ್ರಕ್ಕೆ ಯಾವುವನ್ನು ತರಿಸಬೇಕು?

ಪ್ರಶ್ನೆ: ನಿವೃತ್ತ ಚಿತ್ರಕಲಾ ಶಿಕ್ಷಕ, ರೋಣ ತಾಲ್ಲೂಕು

ಬಳಗದ ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾಗಿರುವ ನಾನು, ಈಗ ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಅಂದರೆ ಇತ್ತೀಚೆಗೆ ಅರಿವು ಕೇಂದ್ರವೆಂದು ಹೆಸರು ಬದಲಾಯಿಸಿಕೊಂಡಿರುವ ಒಂದೇ ಕೋಣೆಯ ಕಟ್ಟಡದಲ್ಲಿ, ದಿನಾಲು ಸಂಜೆ ಎರಡು ತಾಸು ಮಕ್ಕಳ ಜೊತೆ ಕೂಡುತ್ತೇನೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಕೇಂದ್ರಕ್ಕೆ 15,000 ರೂಪಾಯಿ ಕೊಡಲು ಮುಂದೆ ಬಂದಿದ್ದಾನೆ. ಅವನದು ಒಂದೇ ಷರತ್ತು: ಹಣವನ್ನು ಕುರ್ಚಿಗಾಗಲಿ ಫ್ಯಾನಿಗಾಗಲಿ ಖರ್ಚು ಮಾಡದೆ, ಹಿಂದಿನ ದಶಕಗಳಲ್ಲಿ ಪ್ರಶಸ್ತಿ ಪಡೆದ ಮಕ್ಕಳ ಚಿತ್ರಪುಸ್ತಕಗಳನ್ನೇ ಕೊಳ್ಳಬೇಕು. ಜೊತೆಗೆ ಅರವತ್ತು ಹೆಸರುಗಳ ಪಟ್ಟಿಯನ್ನೂ ಕಳಿಸಿದ್ದಾನೆ. ಅದರಲ್ಲಿ ನನಗೆ ಪರಿಚಯವಿರುವ ಹೆಸರು 'ಜುಮಾಂಜಿ' ಒಂದೇ, ಅದೂ ಸಿನಿಮಾ ನೋಡಿದ್ದರಿಂದ.

ಈ ಪಟ್ಟಿ ಬರುವುದಕ್ಕಿಂತ ಸುಮಾರು ಒಂದು ವರ್ಷ ಮೊದಲು ನಡೆದ ಸಂಗತಿಯೊಂದನ್ನು ಹೇಳಬೇಕು. ಹುಬ್ಬಳ್ಳಿಯಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ, ರಕ್ಷಾಪುಟದ ಮೇಲೆ ಬಂಗಾರದ ಬಣ್ಣದ ದುಂಡನೆಯ ಮುದ್ರೆಯಿದ್ದ ದೊಡ್ಡ ಇಂಗ್ಲಿಷ್ ಪುಸ್ತಕವೊಂದು ನನಗೆ ಅರವತ್ತು ರೂಪಾಯಿಗೆ ಸಿಕ್ಕಿತು. ಮನೆಗೆ ತಂದು ತೆರೆದು ನೋಡಿದರೆ ಒಳಗಿನ ಚಿತ್ರಗಳೆಲ್ಲ ಬರೀ ಕಂದು ಬಣ್ಣದವು. ಬಿಸಿಲಿಗೆ ಬಣ್ಣ ಹಾರಿಹೋದ ಪ್ರತಿಯನ್ನು ನನ್ನ ತಲೆಗೆ ಕಟ್ಟಿದರೆಂದು ಎರಡು ದಿನ ಕೊರಗಿದೆ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದಾಗ, ಅದನ್ನು ಮುದ್ರಿಸಿದ್ದೇ ಒಂದು ಬಣ್ಣದಲ್ಲಿ ಎಂಬುದು ತಿಳಿಯಿತು. ಬಾತುಕೋಳಿಯೊಂದು ತನ್ನ ಎಂಟು ಮರಿಗಳನ್ನು ಸಾಲಾಗಿ ನಡೆಸಿಕೊಂಡು ಪೇಟೆಯ ರಸ್ತೆಯನ್ನು ದಾಟುವ ಕಥೆ ಅದು. ಇಂಗ್ಲಿಷಿನ ಒಂದಕ್ಷರವೂ ಬಾರದ ನನ್ನ ಐದು ವರ್ಷದ ಮೊಮ್ಮಗಳು ಆ ಪುಸ್ತಕವನ್ನು ಹಿಡಿದುಕೊಂಡು ಒಂದು ತಾಸು ಕದಲದೆ ಕೂತಳು. ಬಣ್ಣಬಣ್ಣದ ಹೊಳೆಯುವ ಕಾಗದದ ಪುಸ್ತಕಗಳನ್ನು ಐದು ನಿಮಿಷಕ್ಕೆ ಬಿಸಾಡುವ ಹುಡುಗಿ ಅವಳು.

ಆದ್ದರಿಂದ ನನ್ನ ಪ್ರಶ್ನೆ ಬರೀ ಖರೀದಿಯದಲ್ಲ. ಒಂದೇ ಬಣ್ಣದ ಪುಸ್ತಕಕ್ಕೆ ಬಂಗಾರದ ಮುದ್ರೆ ಒತ್ತಿದವರು ಯಾರು, ಏನನ್ನು ನೋಡಿ ಒತ್ತಿದರು? ಆ ಮುದ್ರೆಯನ್ನು ನಂಬಿ ಅರವತ್ತು ಹೆಸರುಗಳಲ್ಲಿ ಆರಿಸಬಹುದೆ? ಪಠ್ಯಪುಸ್ತಕದ ಕನ್ನಡವೇ ಸ್ವಲ್ಪ ದೂರವೆನ್ನಿಸುವ ನಮ್ಮ ಮಕ್ಕಳ ಮುಂದೆ ಈ ಪುಸ್ತಕಗಳನ್ನು ಹೇಗೆ ತೆರೆಯಬೇಕು? ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಗ್ರಂಥಪಾಲಕ, ಧಾರವಾಡ

ಗುರುಗಳೇ, ಅರವತ್ತು ರೂಪಾಯಿಗೆ ನಿಮಗೆ ಸಿಕ್ಕಿರುವುದು ರಾಬರ್ಟ್ ಮೆಕ್ಲಾಸ್ಕಿ ಬರೆದು ಚಿತ್ರಿಸಿದ 'ಮೇಕ್ ವೇ ಫಾರ್ ಡಕ್ಲಿಂಗ್ಸ್'. ಅದು 1941ರಲ್ಲಿ ಪ್ರಕಟವಾಗಿ 1942ರಲ್ಲಿ ಅಮೆರಿಕದ ಕಾಲ್ಡಿಕಾಟ್ ಪದಕವನ್ನು ಪಡೆಯಿತು. ಬಾತುಕೋಳಿಗಳನ್ನು ಬರೆಯುವುದಕ್ಕೆಂದು ಮೆಕ್ಲಾಸ್ಕಿ ನ್ಯೂಯಾರ್ಕಿನ ತನ್ನ ಬಾಡಿಗೆ ಮನೆಗೆ ಜೀವಂತ ಬಾತುಕೋಳಿಗಳನ್ನೇ ತಂದು, ಸ್ನಾನದ ತೊಟ್ಟಿಯಲ್ಲಿ ಈಜಾಡಲು ಬಿಟ್ಟು, ಅವುಗಳ ಹಿಂದೆ ನೆಲದ ಮೇಲೆ ತೆವಳಿಕೊಂಡು ರೇಖಾಚಿತ್ರ ಬರೆದುಕೊಂಡ ಎಂಬುದು ಪ್ರಸಿದ್ಧವಾದ ಸಂಗತಿ. ನಿಮ್ಮ ಮೊಮ್ಮಗಳು ಒಂದು ತಾಸು ನೋಡಿದ್ದು ಆ ತೆವಳಾಟದ ಫಲವನ್ನೇ ಎಂದು ನನಗೆ ಅನ್ನಿಸುತ್ತದೆ. ಎಂಟು ಮರಿಗಳಲ್ಲಿ ಒಂದೊಂದೂ ಬೇರೆ ಬೇರೆ ಕಡೆ ಕತ್ತು ತಿರುಗಿಸಿರುತ್ತದೆ, ಒಂದು ಆಕಳಿಸುತ್ತಿದ್ದರೆ ಇನ್ನೊಂದು ಹಿಂದೆ ಬಿದ್ದಿರುತ್ತದೆ. ಕಥೆ ನಡೆಯುವ ಬಾಸ್ಟನ್ ನಗರದ ಉದ್ಯಾನದಲ್ಲಿ 1987ರಿಂದ ಆ ತಾಯಿ ಮತ್ತು ಎಂಟು ಮರಿಗಳ ಕಂಚಿನ ಪ್ರತಿಮೆಗಳಿವೆ.

ಈಗ ಮುದ್ರೆಯ ವಿಚಾರ. ರಾಂಡಾಲ್ಫ್ ಕಾಲ್ಡಿಕಾಟ್ (1846–1886) ಇಂಗ್ಲೆಂಡಿನ ಚಿತ್ರಕಾರ. ಆದರೆ ಅವನ ಹೆಸರಿನ ಪದಕವನ್ನು ಕೊಡುವುದು ಅಮೆರಿಕದ ಗ್ರಂಥಾಲಯ ಸಂಘ, 1938ರಿಂದ. ಅದೇ ಸಂಘವು ಮಕ್ಕಳ ಸಾಹಿತ್ಯಕ್ಕಾಗಿ 1922ರಿಂದ ನ್ಯೂಬೆರಿ ಪದಕವನ್ನು ಕೊಡುತ್ತಿತ್ತು. ಚಿತ್ರ ಬರೆದವರಿಗೆ ಏನೂ ಸಲ್ಲುತ್ತಿಲ್ಲವೆಂಬ ಕೊರತೆಯನ್ನು ತುಂಬಲು ಇದು ಬಂತು. (ಬಂಗಾಳದಲ್ಲಿ ಹುಟ್ಟಿದ ಧನಗೋಪಾಲ ಮುಖರ್ಜಿಯವರು ಪಾರಿವಾಳವೊಂದರ ಕಥೆಗೆ 1928ರಲ್ಲಿ ಪಡೆದದ್ದು ಆ ನ್ಯೂಬೆರಿ ಪದಕವನ್ನು. ಅದು ಬರವಣಿಗೆಗೆ ಸಂದದ್ದು. ನಿಮ್ಮ ಶಿಷ್ಯನ ಪಟ್ಟಿಯಲ್ಲಿ ಅದೂ ಸೇರಿದ್ದರೆ ಬೇರೆ ಇಡಿ.) ಬಂಗಾರದ ಮುದ್ರೆ ಎಂದರೆ ಆ ವರ್ಷದ ಪದಕ, ಬೆಳ್ಳಿಯ ಮುದ್ರೆ ಎಂದರೆ ಗೌರವ ಪುರಸ್ಕಾರ. ಬೆಳ್ಳಿಯನ್ನು ಕಡೆಗಣಿಸಬೇಡಿ, ಹಲವು ವರ್ಷಗಳಲ್ಲಿ ಕಾಲಾನಂತರ ಉಳಿದದ್ದು ಬೆಳ್ಳಿಯೇ.

ಇಲ್ಲಿ ಗಮನಿಸಬೇಕಾದ ಮಾತೆಂದರೆ, ಈ ಪದಕವು ಅಮೆರಿಕದ ಪ್ರಜೆಗಳಿಗೆ ಅಥವಾ ಅಲ್ಲಿ ನೆಲೆಸಿದವರಿಗೆ ಮಾತ್ರ ಸಲ್ಲುತ್ತದೆ. ಜಗತ್ತಿನ ಅತ್ಯುತ್ತಮ ಚಿತ್ರಪುಸ್ತಕ ಎಂಬುದು ಅದರ ಅರ್ಥವಲ್ಲ. ಅಲ್ಲಿಯವರಿಗೂ ಅದು ತಪ್ಪದ ಅಳತೆಗೋಲಾಗಿಲ್ಲ. ಎರಿಕ್ ಕಾರ್ಲ್‌ನ ಹಸಿದ ಕಂಬಳಿಹುಳುವಿನ ಪುಸ್ತಕ (1969) ಜಗತ್ತನ್ನೆಲ್ಲ ಸುತ್ತಿಬಂದರೂ ಅದಕ್ಕೆ ಆ ಪದಕ ಬರಲಿಲ್ಲ. ಬ್ರಿಟನ್ನಿನಲ್ಲಿ ಕೇಟ್ ಗ್ರೀನವೇ ಪದಕವೆಂಬುದು ಬೇರೆ ಇತ್ತು. 1955ರಲ್ಲಿ ಅದನ್ನು ಸ್ಥಾಪಿಸಿದ ಮೊದಲ ವರ್ಷವೇ ಯಾವ ಪುಸ್ತಕವೂ ಯೋಗ್ಯವಲ್ಲವೆಂದು ತೀರ್ಪುಗಾರರು ಯಾರಿಗೂ ಕೊಡಲಿಲ್ಲ! ಮರುವರ್ಷ ಎಡ್ವರ್ಡ್ ಆರ್ಡಿಝೋನನ ಟಿಮ್ ಎಂಬ ಹುಡುಗನ ಕಥೆಗೆ ಮೊದಲ ಪದಕ ಸಂದಿತು. 2022ರಿಂದ ಅದರ ಹೆಸರು ಬದಲಾಗಿದೆ. ಕೇಟ್ ಗ್ರೀನವೇ ಎಂಬ ಹೆಸರು ನಮಗೆ ಅಪರಿಚಿತವೆನ್ನಿಸಿದರೂ, ಬ್ರೌನಿಂಗ್ ಕವಿಯ ಕೊಳಲಿನವನ ಕಥನಕವನಕ್ಕೆ 1888ರಲ್ಲಿ ಚಿತ್ರ ಬರೆದವಳು ಅವಳೇ. ಆ ಕವನವೇ ಕುವೆಂಪು ಅವರ ಕೈಯಲ್ಲಿ ಬೊಮ್ಮನಹಳ್ಳಿಯ ಕಿಂದರಿಜೋಗಿಯಾಗಿ ನಮ್ಮೆಲ್ಲರ ಬಾಯಲ್ಲಿ ಉಳಿದದ್ದು.

ದೇಶಗಳ ಗಡಿ ಮೀರಿದ ಗೌರವಗಳು ಎರಡು. ಹಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಪ್ರಶಸ್ತಿಯನ್ನು 1966ರಿಂದ ಚಿತ್ರಕಾರರಿಗೂ ಕೊಡುತ್ತಾರೆ. ಅದು ಒಂದು ಪುಸ್ತಕಕ್ಕಲ್ಲ, ಇಡೀ ಜೀವಮಾನದ ಕೆಲಸಕ್ಕೆ. 1976ರಲ್ಲಿ ಸೋವಿಯತ್ ಒಕ್ಕೂಟದ ತಾತ್ಯಾನಾ ಮಾವ್ರಿನಾ, 1984ರಲ್ಲಿ ಜಪಾನಿನ ಮಿತ್ಸುಮಾಸಾ ಆನೊ ಅದನ್ನು ಪಡೆದರು. ಎರಡನೆಯದು ಈಗಿನ ಸ್ಲೊವಾಕಿಯಾ ದೇಶದ ಬ್ರಾಟಿಸ್ಲಾವಾ ನಗರದಲ್ಲಿ 1967ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಪುಸ್ತಕ ಚಿತ್ರಗಳ ಪ್ರದರ್ಶನ. ಅದರ ಮೊದಲ ಮಹಾಪ್ರಶಸ್ತಿ ಜಪಾನಿನ ಯಾಸುವೊ ಸೆಗಾವಾ ಅವರಿಗೆ ಸಂದಿತು. ನಮ್ಮವರೇ ಆದ ಪುಲಕ್ ಬಿಸ್ವಾಸ್ ಅವರು ನೇರಳೆ ಬಣ್ಣಕ್ಕೆ ತಿರುಗಿದ ಹೆಣ್ಣುಗುಬ್ಬಿಯ ಕಥೆಗೆ ಬರೆದ ಚಿತ್ರಗಳಿಗಾಗಿ 1999ರಲ್ಲಿ ಅಲ್ಲಿ ಫಲಕ ಪಡೆದಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ, ನಿಮಗೆ ಒಂದೇ ಒಂದು ಪುಸ್ತಕವನ್ನು ಸೂಚಿಸು ಎಂದರೆ ನಾನು 1962ರಲ್ಲಿ ಕಾಲ್ಡಿಕಾಟ್ ಪದಕ ಪಡೆದ ಮಾರ್ಸಿಯಾ ಬ್ರೌನ್ ಅವರ 'ವನ್ಸ್ ಎ ಮೌಸ್' ಅನ್ನು ಹೇಳುತ್ತೇನೆ. ಆಕೆ ಆ ಪದಕವನ್ನು ಮೂರು ಸಲ ಪಡೆದವರು, ಇದು ಎರಡನೆಯದು. ಮರದ ಹಲಗೆಯನ್ನು ಕೊರೆದು ಅಚ್ಚೊತ್ತಿದ, ಕೆಲವೇ ಬಣ್ಣಗಳ ಪುಸ್ತಕ. ಕಥೆ ನಮ್ಮದೇ: ಕಾಗೆಯ ಬಾಯಿಂದ ಉಳಿದ ಇಲಿಯನ್ನು ಋಷಿಯು ಬೆಕ್ಕಾಗಿ, ನಾಯಾಗಿ, ಹುಲಿಯಾಗಿ ಮಾಡಿ, ಹುಲಿಗೆ ಸೊಕ್ಕು ಬಂದಾಗ 'ಪುನರ್ಮೂಷಿಕೋ ಭವ' (ಮತ್ತೆ ಇಲಿಯಾಗು) ಎನ್ನುವ ಹಿತೋಪದೇಶದ ಕಥೆ. ನಿಮ್ಮ ಊರಿನ ಮಕ್ಕಳಿಗೆ ಇದನ್ನು ಅಜ್ಜಿಯರೇ ಹೇಳಿರಬಹುದು. ಪಂಚತಂತ್ರವನ್ನು ಕನ್ನಡಕ್ಕೆ ತಂದ ಹನ್ನೊಂದನೆಯ ಶತಮಾನದ ದುರ್ಗಸಿಂಹನ ಊರು ಸಯ್ಯಡಿಯನ್ನು ನಿಮ್ಮ ರೋಣ ತಾಲ್ಲೂಕಿನ ಸವಡಿಯೆಂದೇ ವಿದ್ವಾಂಸರು ಗುರುತಿಸಿದ್ದಾರೆ ಎಂಬುದನ್ನೂ ನೆನಪಿಡಿ. ಕೇಳಿದ ಕಥೆಯನ್ನು ನೋಡುವಾಗ ಮಕ್ಕಳ ಕಣ್ಣು ಅಕ್ಷರದ ಕಡೆಗೆ ಹೋಗುವುದೇ ಇಲ್ಲ.

ಆರಿಸುವಾಗ ನಾನು ಬಳಸುತ್ತಿದ್ದ ಪರೀಕ್ಷೆ ಸರಳವಾದದ್ದು. ಪುಟದಲ್ಲಿರುವ ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ ಚಿತ್ರಗಳನ್ನಷ್ಟೇ ತಿರುವಿ ಹಾಕಿ. ಬಳಿಕ ಚಿತ್ರ ಮುಚ್ಚಿ ಅಕ್ಷರಗಳನ್ನಷ್ಟೇ ಓದಿ. ಎರಡೂ ಸಲ ಒಂದೇ ಕಥೆ ಸಿಕ್ಕಿದರೆ ಅದು ಚಿತ್ರವಿರುವ ಪುಸ್ತಕ, ಅಷ್ಟೆ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಕ್ಕಿದರೆ ಅದು ಚಿತ್ರಪುಸ್ತಕ. ಭಾಷೆಯ ತೊಡಕಿಗೆ, ಪ್ರತಿ ಪುಟದ ಕೆಳಗೆ ಕನ್ನಡದಲ್ಲಿ ಬರೆದ ಚೀಟಿಗಳನ್ನು ಅಂಟಿಸಿಬಿಡಿ. ನಾವು ಗ್ರಂಥಾಲಯದಲ್ಲಿ ಹಾಗೆಯೇ ಮಾಡುತ್ತಿದ್ದೆವು.

ಉತ್ತರ 2: ಪ್ರಾಥಮಿಕ ಶಾಲೆಯ ಶಿಕ್ಷಕಿ, ಹಾನಗಲ್ಲ

ಹಿರಿಯರ ಮಾತಿನಲ್ಲಿ ಎಲ್ಲವನ್ನೂ ಒಪ್ಪುತ್ತೇನೆ, ಕೊನೆಯ ವಾಕ್ಯವೊಂದನ್ನು ಬಿಟ್ಟು. ದಯವಿಟ್ಟು ಚೀಟಿ ಅಂಟಿಸಬೇಡಿ, ಸರ್. ನಾನು ಅದನ್ನು ಮಾಡಿ ಒಂದು ಒಳ್ಳೆಯ ಪುಸ್ತಕವನ್ನು ಕೆಡಿಸಿದ್ದೇನೆ.

ಆ ಪುಸ್ತಕ ಮಾರಿಸ್ ಸೆಂಡಾಕ್ ಅವರ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್', 1964ರ ಕಾಲ್ಡಿಕಾಟ್ ಪದಕ. ತುಂಟತನ ಮಾಡಿ ಊಟವಿಲ್ಲದೆ ಕೋಣೆಗೆ ಅಟ್ಟಿಸಿಕೊಂಡ ಹುಡುಗನೊಬ್ಬ, ಆ ಕೋಣೆಯೇ ಕಾಡಾಗಿ ಬೆಳೆದು, ಹಡಗೇರಿ ಹೋಗಿ ಭೂತಾಕಾರದ ಪ್ರಾಣಿಗಳಿಗೆ ದೊರೆಯಾಗುವ ಕಥೆ. ಮೊದಲ ಪುಟದಲ್ಲಿ ಚಿತ್ರ ಅಂಗೈಯಷ್ಟು ಸಣ್ಣದು, ಸುತ್ತಲೂ ಬಿಳಿಯ ಅಂಚು. ಹುಡುಗನ ಸಿಟ್ಟು ಏರಿದಂತೆ ಚಿತ್ರ ಹಿಗ್ಗುತ್ತ, ಅಂಚು ಕುಗ್ಗುತ್ತ ಹೋಗಿ, ಪ್ರಾಣಿಗಳ ಕುಣಿತ ಬಂದಾಗ ಎರಡೂ ಪುಟಗಳನ್ನು ಚಿತ್ರವೇ ನುಂಗಿಬಿಡುತ್ತದೆ. ಅಲ್ಲಿ ಮೂರು ಸಲ ಪುಟ ತಿರುವಿದರೂ ಒಂದು ಮಾತಿಲ್ಲ. ನಾನು ಜಾಣತನ ಮಾಡಿ, ಖಾಲಿಯಿದೆಯಲ್ಲ ಎಂದು ಆ ಬಿಳಿಯ ಅಂಚಿನಲ್ಲೆಲ್ಲ ಕನ್ನಡದ ಚೀಟಿ ಅಂಟಿಸಿದೆ, ಮಾತಿಲ್ಲದ ಪುಟಗಳಿಗೆ ನನ್ನದೇ ಮಾತನ್ನೂ ಸೇರಿಸಿದೆ. ಮೂರನೆಯ ತರಗತಿಯ ಹುಡುಗನೊಬ್ಬ ಚೀಟಿಯ ತುದಿಯನ್ನು ಉಗುರಿನಿಂದ ಕೆರೆಯುತ್ತ, "ಟೀಚರ, ಇದರ ಕೆಳಗ ಏನೈತಿ?" ಎಂದು ಕೇಳಿದಾಗಲೇ ನನಗೆ ನಾನು ಮಾಡಿದ್ದು ಏನೆಂಬುದು ತಿಳಿದದ್ದು. ಅಂಚೂ ಆ ಪುಸ್ತಕದಲ್ಲಿ ಚಿತ್ರದ ಭಾಗವೇ.

ಅಂದಿನಿಂದ ನಾನು ಪುಸ್ತಕವನ್ನು ಎದೆಯ ಮುಂದೆ ಮಕ್ಕಳ ಕಡೆಗೆ ತಿರುಗಿಸಿ ಹಿಡಿದು, ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಪುಸ್ತಕದ ಕನ್ನಡವೂ ಬೇಡ, ಅನುವಾದವೂ ಬೇಡ. ಮನೆಯಲ್ಲಿ ಆಡುವ ಮಾತು ಸಾಕು. ಮರುದಿನ ಅದೇ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು ಅವರಿಂದ ಹೇಳಿಸುತ್ತೇನೆ. ಆ ಭೂತಗಳನ್ನು ನೋಡಿ ಮಕ್ಕಳು ಹೆದರುತ್ತಾರೆಂದು ಪುಸ್ತಕ ಬಂದ ಹೊಸದರಲ್ಲಿ ಅಮೆರಿಕದಲ್ಲಿ ದೊಡ್ಡವರು ಆತಂಕಪಟ್ಟಿದ್ದರಂತೆ. ನಮ್ಮ ತರಗತಿಯಲ್ಲಿ ಯಾರೂ ಹೆದರಲಿಲ್ಲ. ಚಿಕ್ಕಂದಿನಲ್ಲಿ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರ ಮುಖಗಳನ್ನು ನೆನೆದು ಆ ಪ್ರಾಣಿಗಳನ್ನು ಬರೆದೆ ಎಂದು ಸೆಂಡಾಕ್ ಹೇಳಿಕೊಂಡಿದ್ದುಂಟು. ಅದನ್ನು ತಿಳಿಸಿದ್ದೇ ತಡ, ಯಾವ ಪ್ರಾಣಿ ಯಾರ ಸೋದರಮಾವ ಎಂಬ ಚರ್ಚೆಯಲ್ಲಿ ಆ ದಿನದ ಗಣಿತದ ಅವಧಿ ಮುಗಿದೇ ಹೋಯಿತು.

ಎಝ್ರಾ ಜ್ಯಾಕ್ ಕೀಟ್ಸ್ ಅವರ 'ದಿ ಸ್ನೋಯಿ ಡೇ' (1963ರ ಪದಕ) ಹಿಮದ ಪುಸ್ತಕ. ಹಿಮವನ್ನೇ ಕಾಣದ ಹಾನಗಲ್ಲಿನ ಮಕ್ಕಳಿಗೆ ಏನು ತಿಳಿದೀತು ಎಂದು ನಾನೇ ಎರಡು ವರ್ಷ ಅದನ್ನು ತೆರೆಯದೆ ಇಟ್ಟಿದ್ದೆ. ಅದರಲ್ಲಿ ಪೀಟರ್ ಎಂಬ ಹುಡುಗ ದಿನವಿಡೀ ಹಿಮದಲ್ಲಿ ಆಡಿ, ಒಂದು ಉಂಡೆಯನ್ನು ನಾಳೆಗೆಂದು ಕಿಸೆಯಲ್ಲಿ ಹಾಕಿಕೊಂಡು ಮನೆಗೆ ಬರುತ್ತಾನೆ. ನಾನು ಆ ಪುಟ ತಿರುವುವ ಮೊದಲೇ ಹುಡುಗಿಯೊಬ್ಬಳು ಎದ್ದು ನಿಂತು, "ಹೋತು ಬಿಡ್ರಿ, ಮನಿ ಮುಟ್ಟೂದ್ರಾಗ ನೀರಾಗಿರತೈತಿ" ಎಂದಳು. ಏಪ್ರಿಲ್ ತಿಂಗಳ ಮಳೆಯಲ್ಲಿ ಆಣೆಕಲ್ಲು ಆರಿಸಿ ಕಿಸೆಗೆ ತುಂಬಿಕೊಂಡವಳು ಅವಳು. ನಾನೂ ತುಂಬಿಕೊಂಡಿದ್ದೆ, ಮರೆತಿದ್ದೆ. ಆ ಪುಸ್ತಕದ ಪೀಟರ್ ಕಪ್ಪು ವರ್ಣದ ಬಾಲಕ. ಅಮೆರಿಕದ ಮಕ್ಕಳ ಪುಸ್ತಕಗಳಲ್ಲಿ ಅಂಥ ಹುಡುಗ ಕಥಾನಾಯಕನಾಗುವುದು ಆ ಕಾಲಕ್ಕೆ ತೀರ ಅಪರೂಪವಾಗಿತ್ತು. ಕಥೆಯಲ್ಲಿ ಅವನ ಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. ಅದು ಚಿತ್ರದಲ್ಲಿದೆ, ಅಷ್ಟೆ.

ಗುರುಗಳು ಚಿತ್ರಕಲಾ ಶಿಕ್ಷಕರಾದ್ದರಿಂದ ಇನ್ನೊಂದು ಮಾತು. ಕೀಟ್ಸ್ ಆ ಪುಸ್ತಕವನ್ನು ಬಣ್ಣ ಬಳಿದು ಮಾಡಿದ್ದಕ್ಕಿಂತ ಕತ್ತರಿಸಿ ಅಂಟಿಸಿ ಮಾಡಿದ್ದು ಹೆಚ್ಚು. ತಾಯಿಯ ಚೌಕಳಿ ಉಡುಪು ಮೇಣಬಟ್ಟೆಯ ತುಂಡು. ಹಿಮದ ಹರಳುಗಳು ರಬ್ಬರಿನಲ್ಲಿ ಕೊರೆದ ಅಚ್ಚು. ಮಲಗುವ ಕೋಣೆಯ ಬೂದು ಗೋಡೆ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿ ಸಿಡಿಸಿದ್ದು. ಇವೆಲ್ಲ ನೀವು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಕೆಲಸಗಳೇ ಅಲ್ಲವೆ? ನಮ್ಮ ಮಕ್ಕಳು ಅದನ್ನು ನೋಡಿದ ಕೂಡಲೇ "ಕೌದಿ ಹೊಲದಂಗ ಮಾಡ್ಯಾನ" ಎಂದರು. ಅದಕ್ಕಿಂತ ಸರಿಯಾದ ವಿವರಣೆ ನನಗೆ ಎಲ್ಲಿಯೂ ಸಿಕ್ಕಿಲ್ಲ.

ಮಾತೇ ಇಲ್ಲದ ಪುಸ್ತಕಗಳನ್ನು ಹೆಚ್ಚು ಕೊಳ್ಳಿ. ಡೇವಿಡ್ ವೀಸ್ನರ್ ಅವರ 'ಟ್ಯೂಸ್‌ಡೇ' (1992ರ ಪದಕ) ಪುಸ್ತಕದಲ್ಲಿ ಮಂಗಳವಾರ ರಾತ್ರಿ ಕಪ್ಪೆಗಳು ತಾವರೆ ಎಲೆಯ ಮೇಲೆ ಕೂತು ಊರ ಮೇಲೆ ಹಾರುತ್ತವೆ. ಅಕ್ಷರಗಳೆಂದರೆ ವಾರ ಮತ್ತು ಗಂಟೆ ಮಾತ್ರ. ಮಳೆಗಾಗಿ ಕಪ್ಪೆಯ ಮದುವೆ ಮಾಡುವ ಸೀಮೆಯ ಮಕ್ಕಳಿಗೆ ಕಪ್ಪೆ ಯಾಕೆ ಹಾರಿತು ಎಂಬ ಸಂಶಯವೇ ಬರಲಿಲ್ಲ, ಮಳೆ ಬಂತೋ ಇಲ್ಲವೋ ಎಂದಷ್ಟೇ ಕೇಳಿದರು. ಹಿರಿಯರು ಹೇಳಿದ ಆನೊ ಅವರ ಪ್ರವಾಸದ ಪುಸ್ತಕವೂ ಹೀಗೆ ಮಾತಿಲ್ಲದ್ದು. ಕುದುರೆ ಏರಿದ ಸಣ್ಣ ಮನುಷ್ಯನನ್ನು ಪುಟಪುಟದಲ್ಲಿ ಹುಡುಕುವುದಕ್ಕೆ ಮಕ್ಕಳು ನೂಕಾಡುತ್ತಾರೆ.

ಕಡೆಯದಾಗಿ, ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ನಾನು ಹಿಂದೆ ಕೆಲಸ ಮಾಡಿದ ಶಾಲೆಯೊಂದರಲ್ಲಿ ಚಿತ್ರಪುಸ್ತಕಗಳು ಹರಿದುಹೋಗುತ್ತವೆ ಎಂಬ ಕಾರಣಕ್ಕೆ ಆರು ವರ್ಷ ತಿಜೋರಿಯಲ್ಲಿದ್ದವು. ಕೊನೆಗೆ ಗೆದ್ದಲು ಓದಿತು.

ಉತ್ತರ 3: ಮುದ್ರಕ, ಗದಗ-ಬೆಟಗೇರಿ

ಮುದ್ರಣ ಕಾಶಿ ಎನ್ನಿಸಿಕೊಂಡ ಊರಿನಲ್ಲಿ ಎರಡು ತಲೆಮಾರಿನಿಂದ ಪ್ರೆಸ್ ನಡೆಸಿಕೊಂಡು ಬಂದವನಾಗಿ, ಗುರುಗಳ ಕಂದು ಬಣ್ಣದ ಸಂಶಯಕ್ಕೆ ನನ್ನ ಕಡೆಯಿಂದಲೂ ಉತ್ತರ ಹೇಳಬೇಕೆನ್ನಿಸಿತು.

ಈಗ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಚಿತ್ರವು ನಾಲ್ಕು ಬಣ್ಣಗಳಾಗಿ ಬೇರ್ಪಟ್ಟು ನಾಲ್ಕು ಪ್ಲೇಟುಗಳಾಗುತ್ತದೆ. ಮೆಕ್ಲಾಸ್ಕಿಯ ಕಾಲದಲ್ಲಿ ಹಾಗಿರಲಿಲ್ಲ. ಬಣ್ಣ ಹೆಚ್ಚಿದಂತೆ ಪ್ಲೇಟಿನ ಖರ್ಚು, ಯಂತ್ರದ ಮೇಲೆ ಕಾಗದ ಹಾಯಿಸುವ ಖರ್ಚು ಎರಡೂ ಏರುತ್ತಿದ್ದವು. ಖರ್ಚು ಉಳಿಸಲು ಎಷ್ಟೋ ಚಿತ್ರಕಾರರು ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಹಾಳೆಯಲ್ಲಿ ಕೈಯಿಂದಲೇ ಚಿತ್ರ ಬರೆದುಕೊಡುತ್ತಿದ್ದರು. ಒಂದು ಹಾಳೆ ಕೂದಲೆಳೆಯಷ್ಟು ಸರಿದರೆ ರಿಜಿಸ್ಟ್ರೇಷನ್, ಅಂದರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂಡುವುದು, ತಪ್ಪಿ ಮೂಗಿನ ಕೆಂಪು ಕಿವಿಗೆ ಹೋಗುತ್ತದೆ. ಆದ್ದರಿಂದ ಒಂದೇ ಶಾಯಿಯಲ್ಲಿ ಎಲ್ಲವನ್ನೂ ಹೇಳಬಲ್ಲವನ ಕೈ ಎಂಥದೆಂದು ಆ ಕಾಲದ ತೀರ್ಪುಗಾರರಿಗೆ ತಿಳಿದಿತ್ತು. ಕಪ್ಪು ಶಾಯಿಯ ಬದಲು ಕಂದು ಶಾಯಿ ಹಾಕಿದ್ದರಲ್ಲಿಯೇ ಅರ್ಧ ಜಾಣತನವಿದೆ. ಅದೇ ಚಿತ್ರವನ್ನು ಕಪ್ಪಿನಲ್ಲಿ ಒತ್ತಿದ್ದರೆ ಬಾತುಕೋಳಿಯ ಗರಿ ಇದ್ದಿಲಿನಂತೆ ಕಾಣುತ್ತಿತ್ತು. ಗುರುಗಳಿಗೆ ಪರಿಚಯವಿರುವ ಜುಮಾಂಜಿಯೂ (1982ರ ಪದಕ) ಪುಸ್ತಕದಲ್ಲಿ ಬಣ್ಣದ್ದಲ್ಲ, ಬಿಳಿ ಕಪ್ಪಿನದೇ. ಸಿನಿಮಾ ನೋಡಿದ ಮಕ್ಕಳ ಮುಂದೆ ಅದನ್ನು ಇಟ್ಟು ಏನೆನ್ನುತ್ತಾರೋ ಕೇಳಿ.

ಎಲ್ಲ ಚಿತ್ರಪುಸ್ತಕಗಳೂ ಬಹುಮಟ್ಟಿಗೆ ಮೂವತ್ತೆರಡು ಪುಟಗಳೇ ಏಕಿರುತ್ತವೆ ಎಂದು ಯಾರಾದರೂ ಕೇಳಿದರೆ, ಅದಕ್ಕೂ ಕಾರಣ ನಮ್ಮ ಯಂತ್ರವೇ. ದೊಡ್ಡ ಹಾಳೆ ಮಡಚಿದರೆ ಹದಿನಾರು ಪುಟದ ಒಂದು ಫಾರ್ಮ್. ಎರಡು ಫಾರ್ಮ್ ಸೇರಿದರೆ ಮೂವತ್ತೆರಡು. ಆ ಚೌಕಟ್ಟಿನೊಳಗೇ ಚಿತ್ರಕಾರರು ಕುಣಿಯಬೇಕು.

ಖರೀದಿಯ ವಿಷಯಕ್ಕೆ ಬಂದರೆ, 15,000 ರೂಪಾಯಿಯನ್ನು ಪೂರ್ತಿ ಪರದೇಶದ ಪುಸ್ತಕಗಳಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಹೊರಗಿನ ಗಟ್ಟಿ ರಟ್ಟಿನ ಒಂದು ಪ್ರತಿಯ ಬೆಲೆಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನ ಹಲವಾರು ಪುಸ್ತಕಗಳು ಕನ್ನಡದಲ್ಲಿಯೇ ಬರುತ್ತವೆ. 1957ರಲ್ಲಿ ಆರಂಭವಾದ ಆ ಸಂಸ್ಥೆ ನೆಹರೂ ಬಾಲ ಪುಸ್ತಕಾಲಯವೆಂಬ ಮಾಲೆಯಲ್ಲಿ ನಮ್ಮ ದೇಶದ ದೊಡ್ಡ ದೊಡ್ಡ ಚಿತ್ರಕಾರರಿಂದ ಚಿತ್ರ ಬರೆಯಿಸಿದೆ. ಮಿಕ್ಕಿ ಪಟೇಲ್, ಜಗದೀಶ ಜೋಶಿ ಮೊದಲಾದವರ ಹೆಸರು ನೋಡಿ ಆರಿಸಿ. ಈ ಪುಸ್ತಕಗಳು ಅಷ್ಟು ಅಗ್ಗವಾಗಿರಲು ಮುದ್ರಣದ ಒಂದು ಉಪಾಯವೂ ಕಾರಣ: ಚಿತ್ರಗಳ ಬಣ್ಣದ ಪ್ಲೇಟುಗಳು ಎಲ್ಲ ಭಾಷೆಗಳಿಗೂ ಒಂದೇ, ಅಕ್ಷರವಿರುವ ಕಪ್ಪು ಪ್ಲೇಟನ್ನು ಮಾತ್ರ ಭಾಷೆಗೊಂದರಂತೆ ಬದಲಿಸಿದರೆ ಸಾಕು. ಅದಕ್ಕಾಗಿಯೇ ಅಕ್ಷರಗಳು ಯಾವಾಗಲೂ ಕಪ್ಪಾಗಿರುತ್ತವೆ, ತಿಳಿ ಜಾಗದಲ್ಲಿಯೇ ಕೂತಿರುತ್ತವೆ. ಹಾನಗಲ್ಲಿನ ಅಕ್ಕಾವ್ರು ಚೀಟಿ ಅಂಟಿಸಿ ಕೆಡಿಸಿದ್ದನ್ನು ಇವರು ಪ್ಲೇಟಿನಲ್ಲಿಯೇ ಸರಿಪಡಿಸಿದ್ದಾರೆ ಎನ್ನಬಹುದು. ಅದೇ 1957ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ದಿಲ್ಲಿಯಲ್ಲಿ ಸ್ಥಾಪಿಸಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್‌ನ ಹಳೆಯ ಪುಸ್ತಕಗಳು ರದ್ದಿಯಲ್ಲಿ ಕಂಡರೂ ಬಿಡಬೇಡಿ. ಪುಲಕ್ ಬಿಸ್ವಾಸ್ ಬರೆದ 'ಮಹಾಗಿರಿ' ಆನೆಯ ಚಿತ್ರಗಳು ಅಲ್ಲಿವೆ.

ಒಂದು ಪುಸ್ತಕವನ್ನು ಮಾತ್ರ ಎಷ್ಟು ದುಬಾರಿಯಾದರೂ ತರಿಸಿ ಎನ್ನುತ್ತೇನೆ. ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ತಂದ 'ದಿ ನೈಟ್ ಲೈಫ್ ಆಫ್ ಟ್ರೀಸ್', 2008ರಲ್ಲಿ ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ ಪ್ರಶಸ್ತಿ ಪಡೆದದ್ದು. ಮಧ್ಯಪ್ರದೇಶದ ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮಸಿಂಗ್ ಉರ್ವೇತಿ ಬರೆದ ಮರಗಳು. ಹತ್ತಿಯ ಚಿಂದಿಯಿಂದ ಮಾಡಿದ ಕಪ್ಪು ಕಾಗದದ ಮೇಲೆ, ಒಂದೊಂದು ಬಣ್ಣವನ್ನೂ ಸ್ಕ್ರೀನ್ ಪ್ರಿಂಟಿನಲ್ಲಿ ಕೈಯಿಂದ ಎಳೆದು ಒತ್ತಿದ್ದಾರೆ. ಲಗ್ನಪತ್ರಿಕೆಗೆ ಸ್ಕ್ರೀನ್ ಪ್ರಿಂಟ್ ಮಾಡುವ ಹುಡುಗರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಇದನ್ನು ತೋರಿಸಿದಾಗ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬ ಮೂಸಿ ನೋಡಿದ. ಕಪ್ಪು ಕಾಗದದ ಮೇಲೆ ತಿಳಿ ಬಣ್ಣ ತುಂಬಿ ಕೂಡಬೇಕಾದರೆ ಶಾಯಿಯನ್ನು ಎಷ್ಟು ದಪ್ಪ ಎಳೆಯಬೇಕು, ಒಣಗಲು ಎಷ್ಟು ಕಾಯಬೇಕು ಎಂಬುದು ಕೈಗೆ ಶಾಯಿ ಅಂಟಿಸಿಕೊಂಡವರಿಗೇ ಗೊತ್ತು.

ವ್ಯವಹಾರದ ಎರಡು ಮಾತು. ಆನ್‌ಲೈನಿನಲ್ಲಿ ತರಿಸುವಾಗ ಪುಸ್ತಕದ ಅಳತೆಯನ್ನು ನೋಡಿ. ದೊಡ್ಡ ಪುಸ್ತಕವನ್ನು ಅಂಗೈಯಷ್ಟು ಕುಗ್ಗಿಸಿದ ಪ್ರತಿ ನನಗೊಮ್ಮೆ ಬಂದು, ಮಾರಿದವರು ಮರಳಿ ತೆಗೆದುಕೊಳ್ಳಲೂ ಇಲ್ಲ. ಸೆಂಟರ್ ಪಿನ್ ಹೊಡೆದ ತೆಳು ಪುಸ್ತಕಗಳ ಬೆನ್ನಿಗೆ ಮಕ್ಕಳ ಕೈಗೆ ಕೊಡುವ ಮೊದಲೇ ಬಟ್ಟೆಯ ಪಟ್ಟಿ ಹಚ್ಚಿಸಿಬಿಡಿ. ಗದುಗಿಗೆ ಬಂದರೆ ನಾನೇ ಹಚ್ಚಿಕೊಡುತ್ತೇನೆ, ಕೂಲಿ ಬೇಡ.

ಉತ್ತರ 4: ನಿವೃತ್ತ ಗ್ರಂಥಪಾಲಕ, ಧಾರವಾಡ

ಚೀಟಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಅಕ್ಕಾವ್ರೇ. ನಮ್ಮ ಗ್ರಂಥಾಲಯದ ಪುಸ್ತಕಗಳಲ್ಲಿ ನಾನು ಎಷ್ಟು ಅಂಚುಗಳನ್ನು ಮುಚ್ಚಿದ್ದೇನೆಂದು ಈಗ ನೆನೆಸಿಕೊಳ್ಳಲು ಧೈರ್ಯವಿಲ್ಲ. ಒಂದು ಸೇರ್ಪಡೆ: ಜಪಾನಿನ ರೈಲುಡಬ್ಬಿ ಶಾಲೆಯ 'ತೊತ್ತೋ-ಚಾನ್' ಕನ್ನಡದಲ್ಲಿ ಸಿಗುತ್ತದೆ, ಅನುವಾದ ವಿ. ಗಾಯತ್ರಿ ಅವರದು. ಅದು ಚಿತ್ರಪುಸ್ತಕವಲ್ಲ, ಆದರೆ ಅದರ ಚಿತ್ರಗಳನ್ನು ಬರೆದ ಚಿಹಿರೊ ಇವಾಸಾಕಿ ಆ ಕಥೆಯನ್ನು ಓದಲೇ ಇಲ್ಲ. ಆಕೆ ತೀರಿಕೊಂಡದ್ದು 1974ರಲ್ಲಿ, ಪುಸ್ತಕ ಬಂದದ್ದು 1981ರಲ್ಲಿ. ಆಕೆ ಬಿಟ್ಟುಹೋದ ಸಾವಿರಾರು ಮಕ್ಕಳ ಚಿತ್ರಗಳಲ್ಲಿ ಹುಡುಕಿ ಕಥೆಗೆ ಜೋಡಿಸಿದರು. ಎರಡೂ ಒಂದಕ್ಕೊಂದು ಹುಟ್ಟಿದಂತೆ ಕೂತಿವೆ. ನನ್ನ ಅಂಗೈಯ ಪರೀಕ್ಷೆ ಎಲ್ಲ ಕಡೆಯೂ ನಡೆಯುವುದಿಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಋಣಿ. ನಿಮ್ಮ ಉತ್ತರಗಳನ್ನೆಲ್ಲ ಮುದ್ರಿಸಿ ಶಿಷ್ಯನಿಗೆ ಕಳಿಸಿದೆ. ನಿನ್ನೆ ರಾತ್ರಿ ಅವನ ಫೋನ್ ಬಂತು. ಅರ್ಧ ಹಣವನ್ನು ಕನ್ನಡದ ಪುಸ್ತಕಗಳಿಗೆ ಬಳಸಲು ಒಪ್ಪಿದ್ದಾನೆ. ಉಳಿದದ್ದರಲ್ಲಿ ಇಲಿಯ ಪುಸ್ತಕ, ಹಿಮದ ಪುಸ್ತಕ, ಭೂತಗಳ ಪುಸ್ತಕ, ಕಪ್ಪೆಯ ಪುಸ್ತಕ, ಮರಗಳ ಪುಸ್ತಕ ಇಷ್ಟನ್ನು ಮೊದಲು ತರಿಸುತ್ತೇವೆ. ಮುದ್ರಕರ ಹತ್ತಿರ ಬಟ್ಟೆಯ ಪಟ್ಟಿ ಹಚ್ಚಿಸಲು ಬರುವ ವಾರ ಗದುಗಿಗೆ ಬರುತ್ತೇನೆ.

ಅವನು ಹೊಸದೊಂದು ಷರತ್ತು ಹಾಕಿದ್ದಾನೆ: ಅರವತ್ತು ರೂಪಾಯಿಯ ಬಾತುಕೋಳಿ ಪುಸ್ತಕವೂ ಅರಿವು ಕೇಂದ್ರದ ಕಪಾಟಿಗೆ ಹೋಗಬೇಕಂತೆ. ನಾನು ಒಪ್ಪಿದ್ದೇನೆ. ಮೊಮ್ಮಗಳು ಇನ್ನೂ ಒಪ್ಪಿಲ್ಲ.